ಡಿಮೆನ್ಷಿಯಾ ಇರುವ ಮನೆಗೆ ನೆರವು: ಮೊದಲು ಗಂಟೆಯ ಲೆಕ್ಕ, ಆಮೇಲೆ ಹಣದ ಲೆಕ್ಕ

ನೆನಪು, ಯೋಚನೆ ಕುಂದುತ್ತಾ ಹೋಗುವ ಡಿಮೆನ್ಷಿಯಾ ಬಂದವರ ಮನೆಗೆ ಏನು ಕೊಟ್ಟರೆ ಉಪಕಾರವಾಗುತ್ತದೆ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಬಿಡುವು. ವಾರಕ್ಕೆ ಎರಡು ಸಲ, ಸಲಕ್ಕೆ ಮೂರು ಗಂಟೆ, ತಪ್ಪದೆ. ಆ ಮೂರು ಗಂಟೆಯಲ್ಲಿ ನೋಡಿಕೊಳ್ಳುವವರು ಮಲಗಬಹುದು, ಬ್ಯಾಂಕಿಗೆ ಹೋಗಿ ಬರಬಹುದು, ತಿಂಗಳುಗಟ್ಟಲೆ ಮುಂದೂಡಿದ ತಮ್ಮದೇ ಹಲ್ಲುನೋವಿಗೆ ವೈದ್ಯರನ್ನು ಕಾಣಬಹುದು, ಸುಮ್ಮನೆ ಕೂತೂ ಇರಬಹುದು. ನೆರವಿಗೆಂದು ಹೊರಡುವ ಗುಂಪುಗಳು ಬಹಳ ಸಲ ಇದನ್ನು ಬಿಟ್ಟು ಹಣದಿಂದಲೇ ಶುರು ಮಾಡುತ್ತವೆ. ಎಷ್ಟು ಬೇಕು, ಯಾತಕ್ಕೆ ಬೇಕು ಎಂದು ಗೊತ್ತಿಲ್ಲದೆ ಎತ್ತಿದ ಹಣ ಅರ್ಧ ದಾರಿಯಲ್ಲೇ ಮುಗಿಯುತ್ತದೆ.

ಈ ಕಾಯಿಲೆಯ ಹೊರೆ ಎಲ್ಲಿ ಬೀಳುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳೇ ಹೇಳುತ್ತವೆ. 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು; ಪ್ರತಿ ವರ್ಷ ಸುಮಾರು ಒಂದು ಕೋಟಿ ಹೊಸಬರು ಸೇರುತ್ತಿದ್ದಾರೆ. 2019ರಲ್ಲಿ ಇದರ ಒಟ್ಟು ವೆಚ್ಚ 1.3 ಲಕ್ಷ ಕೋಟಿ ಡಾಲರ್. ಅದರಲ್ಲಿ ಸುಮಾರು ಅರ್ಧ ಆಸ್ಪತ್ರೆಯದೂ ಅಲ್ಲ, ಔಷಧಿಯದೂ ಅಲ್ಲ. ಮನೆಯವರು, ಸ್ನೇಹಿತರು ಸಂಬಳವಿಲ್ಲದೆ ಮಾಡುವ ಆರೈಕೆಯ ಬೆಲೆ. ಸರಾಸರಿ ದಿನಕ್ಕೆ ಐದು ಗಂಟೆ. ಆ ಗಂಟೆಗಳಲ್ಲಿ ಶೇ. 70ರಷ್ಟು ಹೆಂಗಸರದು. ಇನ್ನೊಂದು ವಿಷಯ ಕಾಲದ್ದು. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಜೈಮರ್ಸ್ ಕಾಯಿಲೆ ಎಂದು ಗೊತ್ತಾದ ಮೇಲೆ, 65 ದಾಟಿದವರು ಸರಾಸರಿ ನಾಲ್ಕರಿಂದ ಎಂಟು ವರ್ಷ ಬದುಕುತ್ತಾರೆ. ಕೆಲವರು ಇಪ್ಪತ್ತು ವರ್ಷವೂ ಇರುತ್ತಾರೆ. ಒಂದು ಸಂಜೆಯ ಕಾರ್ಯಕ್ರಮದಿಂದ ಬಂದ ಹಣವನ್ನು ಇಷ್ಟು ಉದ್ದದ ಕಾಯಿಲೆಗೆ ಹಂಚಿದರೆ ಎಷ್ಟು ದಿನ ಬಂದೀತು?

ಹಾಗಾಗಿ ಮೊದಲು ಗಂಟೆ ಲೆಕ್ಕ ಹಾಕಿ. ಹತ್ತು ಕುಟುಂಬ ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ವಾರಕ್ಕೆ ಆರು ಗಂಟೆ, ಅಂದರೆ ವರ್ಷಕ್ಕೆ 312, ತಿಂಗಳಿಗೆ 26. ಹತ್ತು ಮನೆಗೆ ತಿಂಗಳಿಗೆ 260 ಗಂಟೆ. ಎಲ್ಲವನ್ನೂ ಸ್ವಯಂಸೇವಕರಿಂದಲೇ ತುಂಬಿಸಬೇಕೆಂದರೆ ವಾರಕ್ಕೆ 20 ಪಾಳಿ. ಒಬ್ಬೊಬ್ಬರು ಹದಿನೈದು ದಿನಕ್ಕೊಂದು ಪಾಳಿ ಮಾಡಿದರೆ 40 ಜನ ಬೇಕು. ಜ್ವರ, ಪರೀಕ್ಷೆ, ಮದುವೆ, ಊರಿಗೆ ಹೋಗುವುದು ಎಂದು ಕಾಲು ಭಾಗ ಹೆಚ್ಚು ಹಿಡಿದರೆ 50. ಅಷ್ಟು ಜನ ಸಿಗುವುದು ಕಷ್ಟ. ಸಿಕ್ಕರೂ, ಕಾಯಿಲೆ ಮುಂದುವರಿದ ಮನೆಗಳಲ್ಲಿ ಎತ್ತಿ ಕೂರಿಸುವುದು, ಡೈಪರ್ ಬದಲಾಯಿಸುವುದು ಇದ್ದೇ ಇರುತ್ತದೆ. ಅದು ತರಬೇತಿ ಇರುವವರ ಕೆಲಸ, ಸಂಬಳ ಕೊಟ್ಟೇ ಮಾಡಿಸಬೇಕು. ಅರ್ಧ ಸ್ವಯಂಸೇವಕರು, ಅರ್ಧ ಸಂಬಳದ ಸಹಾಯಕರು ಎಂಬುದು ನಡೆಯುವ ಲೆಕ್ಕ. ಆಗ ಸ್ವಯಂಸೇವಕರು 25 ಸಾಕು, ಸಂಬಳದ ಗಂಟೆ ತಿಂಗಳಿಗೆ 130.

ಇದಕ್ಕೆ ಒಬ್ಬ ಸಂಯೋಜಕರನ್ನು ಸೇರಿಸಲೇಬೇಕು. ವಾರಕ್ಕೆ 20 ಪಾಳಿಯ ವೇಳಾಪಟ್ಟಿ, ಕೊನೆ ಗಳಿಗೆಯಲ್ಲಿ ಬರಲಾಗದವರ ಜಾಗಕ್ಕೆ ಬೇರೆಯವರು, ಕುಟುಂಬಗಳ ಫೋನು, ಹೊಸಬರ ತರಬೇತಿ: ಇದೆಲ್ಲ ಸೇರಿದರೆ ಅರ್ಧ ದಿನದ ನೌಕರಿ, ವಾರಕ್ಕೆ 20 ಗಂಟೆ. "ಆಡಳಿತಕ್ಕೆ ಒಂದು ಪೈಸೆಯೂ ಹೋಗುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗುಂಪುಗಳು ಕುಸಿಯುವುದು ಇಲ್ಲಿಯೇ. ಪುಕ್ಕಟೆ ಸಂಯೋಜಕರು ಆರೆಂಟು ತಿಂಗಳು ಉತ್ಸಾಹದಿಂದ ಮಾಡಿ ಸುಸ್ತಾಗುತ್ತಾರೆ, ಪಾಳಿಗಳು ತಪ್ಪತೊಡಗುತ್ತವೆ. ಎರಡು ಸಲ ಪಾಳಿ ತಪ್ಪಿದರೆ ಆ ಮನೆಯವರು ಮೂರನೇ ಸಲ ನಿಮ್ಮನ್ನು ನೆಚ್ಚಿಕೊಳ್ಳುವುದಿಲ್ಲ, ನೆಚ್ಚಿಕೊಳ್ಳಬೇಕಾಗಿಯೂ ಇಲ್ಲ. ಸಂಯೋಜಕರ ತಿಂಗಳ 87 ಗಂಟೆಗೂ ಸಹಾಯಕರದೇ ದರ ಹಿಡಿದರೆ, ಮೇಲಿನ 130 ಸೇರಿ 217. ತರಬೇತಿ, ಫೋನು, ಓಡಾಟ, ವಿಮೆ ಎಂದು ಇನ್ನೊಂದು ಹತ್ತನೇ ಒಂದು ಭಾಗ ಸೇರಿಸಿ: ಸುಮಾರು 240 ಗಂಟೆ. ನಿಮ್ಮಲ್ಲಿ ಸಹಾಯಕರ ಒಂದು ಗಂಟೆಯ ಸಂಬಳ ಎಷ್ಟೋ ಅದರಿಂದ ಗುಣಿಸಿದರೆ ತಿಂಗಳ ಖರ್ಚು ಸಿಕ್ಕಿತು.

ಈಗ ಹಣ. ತಿಂಗಳಿಗೆ ಎರಡು ಗಂಟೆಯ ಬೆಲೆ ಕೊಡುವ 120 ಜನ ಇದ್ದರೆ ಈ ಖರ್ಚು ತೂಗುತ್ತದೆ. ವರ್ಷದೊಳಗೆ ನಾಲ್ವರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆ ಎಂದೇ ಎಣಿಸಿ 160 ಜನರನ್ನು ಹಿಡಿಯಿರಿ. ಬಿಟ್ಟುಹೋಗುವವರೆಲ್ಲ ಮನಸ್ಸು ಬದಲಾಯಿಸಿದವರಲ್ಲ. ಎಷ್ಟೋ ಜನರ ಕಾರ್ಡಿನ ಅವಧಿ ಮುಗಿದಿರುತ್ತದೆ, ಹಣ ಕಡಿತವಾಗುವುದು ತಾನಾಗಿ ನಿಂತಿರುತ್ತದೆ, ಅವರಿಗದು ಗೊತ್ತೂ ಇರುವುದಿಲ್ಲ. ಪ್ರತಿ ತಿಂಗಳು ಬ್ಯಾಂಕ್ ಪಟ್ಟಿಯನ್ನು ಹಿಂದಿನ ತಿಂಗಳ ಪಟ್ಟಿಯ ಜೊತೆ ಇಟ್ಟು ನೋಡಿ, ಬಾರದವರಿಗೆ ವಾರದೊಳಗೆ ಒಂದು ಫೋನು ಮಾಡಿದರೆ ಇವರಲ್ಲಿ ಹಲವರು ಮರಳುತ್ತಾರೆ. ಉಳಿದವರನ್ನು ಹಿಡಿದಿಡುವುದು ಸುದ್ದಿ. ದೊಡ್ಡ ವರದಿ ಬೇಡ. "ಈ ತಿಂಗಳು ಹತ್ತು ಮನೆಗೆ 251 ಗಂಟೆ ಕೊಟ್ಟೆವು, ಮೂರು ಪಾಳಿ ತಪ್ಪಿದವು, ಕಾರಣ ಇದು" ಎಂಬ ನಾಲ್ಕು ಸಾಲು ಸಾಕು. ತಪ್ಪಿದ್ದನ್ನೂ ಬರೆಯಿರಿ. ಕೊಡುವವರು ನಂಬುವುದು ಅಂಥ ಚೀಟಿಯನ್ನೇ.

ಹಾಗಾದರೆ ನಡಿಗೆ, ಸಂಗೀತ ಸಂಜೆ, ಹರಾಜು ಇವೆಲ್ಲ ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. ತಿಂಗಳ ಖರ್ಚು ತಿಂಗಳ ದಾನಿಗಳಿಂದ. ಒಂದು ದಿನದ ಕಾರ್ಯಕ್ರಮದ ಹಣ ಆಪದ್ಧನಕ್ಕೆ. ಆರು ತಿಂಗಳ ಖರ್ಚು, ಮೇಲಿನ ಲೆಕ್ಕದಲ್ಲಿ 1,440 ಗಂಟೆಯ ಬೆಲೆ, ಬ್ಯಾಂಕಿನಲ್ಲಿ ಇಲ್ಲದೆ ಹತ್ತನೇ ಕುಟುಂಬಕ್ಕೆ ಹ್ಞೂಂ ಎನ್ನಬೇಡಿ. ಐದು ಮನೆಗಷ್ಟೇ ಹಣವಿದ್ದರೆ ಐದೇ ಮನೆ ಹಿಡಿಯಿರಿ. ಒಂದು ಮನೆಗೆ ಬಿಡುವಿನ ರುಚಿ ತೋರಿಸಿ ನಾಲ್ಕು ತಿಂಗಳಿಗೆ ಕಿತ್ತುಕೊಳ್ಳುವುದು, ಕೊಡದೇ ಇರುವುದಕ್ಕಿಂತ ಕೆಟ್ಟದ್ದು. ಆ ನೆರವನ್ನು ನಂಬಿ ಅವರು ಅರ್ಧ ದಿನದ ಕೆಲಸಕ್ಕೆ ಸೇರಿರುತ್ತಾರೆ.

ಸೆಪ್ಟೆಂಬರ್ ವಿಶ್ವ ಅಲ್ಜೈಮರ್ಸ್ ತಿಂಗಳು, 21 ಅದರ ದಿನ. ಆಗ ಎಲ್ಲರೂ ಕಿವಿಗೊಡುತ್ತಾರೆ, ಎಲ್ಲರ ಗಮನವೂ ಅಲ್ಲಿರುತ್ತದೆ. ಆ ತಿಂಗಳಲ್ಲಿ ನಗದಿಗಿಂತ ತಿಂಗಳ ವಂತಿಗೆಯ ಅರ್ಜಿ ತುಂಬಿಸಿಕೊಳ್ಳುವುದು ಜಾಣತನ.

ಕಾರ್ಯಕ್ರಮ ಮಾಡುವಾಗ

ನಡಿಗೆಯನ್ನೇ ತೆಗೆದುಕೊಳ್ಳೋಣ. ಸಾಮಾನ್ಯ ತಪ್ಪು ಏನೆಂದರೆ, ಯಾರಿಗಾಗಿ ನಡಿಗೆಯೋ ಆ ಕುಟುಂಬಗಳಿಗೇ ಬರಲಾಗುವುದಿಲ್ಲ. ಐದು ಕಿಲೋಮೀಟರ್ ದಾರಿ, ಧ್ವನಿವರ್ಧಕದ ಅಬ್ಬರ, ಕೂರಲು ಜಾಗವಿಲ್ಲ. ಮುಖ್ಯ ದಾರಿಯ ಜೊತೆಗೆ ಒಂದು ಕಿಲೋಮೀಟರಿನ ಸಣ್ಣ ಸುತ್ತು ಇಡಿ, ಶುರುವಾದಲ್ಲೇ ಮುಗಿಯುವಂಥದ್ದು. ಇನ್ನೂರು ಮೀಟರಿಗೊಂದು ಬೆಂಚು. ಗದ್ದಲದಿಂದ ದೂರ ಒಂದು ಶಾಂತ ಕೋಣೆ. ಇಬ್ಬರು ಒಟ್ಟಿಗೆ ಹೋಗಬಹುದಾದ, ಗಂಡು ಹೆಣ್ಣು ಎಂದು ಬೇರ್ಪಡಿಸದ ಒಂದು ಶೌಚಾಲಯ. ಇದನ್ನು ಎಲ್ಲರೂ ಮರೆಯುತ್ತಾರೆ. ಗಂಡನಿಗೆ ಸಹಾಯ ಮಾಡಬೇಕಾದ ಹೆಂಡತಿ ಗಂಡಸರ ಶೌಚಾಲಯದ ಬಾಗಿಲಲ್ಲಿ ನಿಂತು ಒದ್ದಾಡುತ್ತಾಳೆ, ಮರುವರ್ಷ ಬರುವುದಿಲ್ಲ.

ಜನಜಂಗುಳಿಯಲ್ಲಿ ರೋಗಿ ಕಣ್ತಪ್ಪಿಸಿ ನಡೆದುಬಿಡುವ ಅಪಾಯ ಇದ್ದೇ ಇದೆ. ಬಂದ ಕೂಡಲೇ ಮಣಿಕಟ್ಟಿಗೆ ಪಟ್ಟಿ ಕಟ್ಟಿ. ಅದರ ಮೇಲೆ ಆಯೋಜಕರ ಫೋನ್ ಸಂಖ್ಯೆ ಇರಲಿ, ಮನೆಯ ವಿಳಾಸ ಬೇಡ. ಜೊತೆಗೆ ಬಂದವರು ಅವತ್ತಿನ ಬಟ್ಟೆಯಲ್ಲೇ ಅವರದೊಂದು ಫೋಟೊ ತಮ್ಮ ಫೋನಿನಲ್ಲಿ ತೆಗೆದಿಟ್ಟುಕೊಳ್ಳಲಿ. "ಯಾವ ಬಣ್ಣದ ಅಂಗಿ ಹಾಕಿದ್ರು?" ಎಂದು ಕೇಳಿದಾಗ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಕಾಣೆಯಾದರೆ ಕಾಲು ಗಂಟೆ ಸುತ್ತಮುತ್ತ ಹುಡುಕಿ, ಸಿಗದಿದ್ದರೆ ತಡಮಾಡದೆ ಪೊಲೀಸರಿಗೆ ತಿಳಿಸಿ. ಹೆಚ್ಚಿನವರು ಹತ್ತಿರದಲ್ಲೇ, ಪೊದೆಯ ಮರೆಯಲ್ಲೋ ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೋ ಸಿಗುತ್ತಾರೆ. ಹೆಸರು ಕರೆದರೆ ಓಗೊಡುತ್ತಾರೆಂದು ಕಾಯಬೇಡಿ, ಮೂಲೆ ಮೂಲೆ ಕಣ್ಣಾರೆ ನೋಡಬೇಕು.

ಹಣದ ಶಿಸ್ತು ಚಿಕ್ಕ ಗುಂಪಿಗೂ ಬೇಕು. ಡಬ್ಬಿಗೆ ಮೊಹರು ಹಾಕಿ ಸಂಖ್ಯೆ ಬರೆಯಿರಿ. ಬಿಚ್ಚುವಾಗ ಪರಸ್ಪರ ಸಂಬಂಧಿಕರಲ್ಲದ ಇಬ್ಬರು ಇರಲಿ. ಇಬ್ಬರೂ ಬೇರೆ ಬೇರೆ ಎಣಿಸಿ ಒಂದೇ ಹಾಳೆಯಲ್ಲಿ ಸಹಿ ಹಾಕಲಿ. ಮರುದಿನವೇ ಪೂರ್ತಿ ಮೊತ್ತ ಬ್ಯಾಂಕಿಗೆ. ಅದರಲ್ಲೇ ಶಾಮಿಯಾನದವರಿಗೆ ಕೊಟ್ಟು ಉಳಿದದ್ದನ್ನು ಜಮಾ ಮಾಡಿದರೆ ಲೆಕ್ಕ ಎಂದೂ ಸರಿಹೋಗುವುದಿಲ್ಲ. ಕ್ಯುಆರ್ ಕೋಡ್ ಗುಂಪಿನ ಖಾತೆಯದಾಗಿರಲಿ, ಖಜಾಂಚಿಯ ಸ್ವಂತದ್ದು ಬೇಡ. ಅಂಟಿಸಿದ ಕೋಡಿನ ಮೇಲೆ ಬೇರೆ ಯಾರೋ ತಮ್ಮದನ್ನು ಅಂಟಿಸಿಹೋಗುವ ಮೋಸ ಉಂಟು. ಗಂಟೆಗೊಮ್ಮೆ ಒಂದು ಸಣ್ಣ ಮೊತ್ತ ಕಳಿಸಿ, ತೆರೆಯ ಮೇಲೆ ಬರುವ ಹೆಸರು ನೋಡಿ. ಖಾತೆಗೆ ಎರಡು ಸಹಿ. ಕಾರ್ಯಕ್ರಮದ ಖರ್ಚು ಬಂದ ಹಣದ ಕಾಲು ಭಾಗ ದಾಟುವಂತಿದ್ದರೆ ಆ ರೂಪದ ಕಾರ್ಯಕ್ರಮವನ್ನೇ ಕೈಬಿಡಿ.

ಮನವಿ ಬರೆಯುವಾಗ

ಒಬ್ಬರ ಹೆಸರಿನಲ್ಲಿ, ಒಂದೇ ಕುಟುಂಬಕ್ಕೆಂದು ಹಣ ಎತ್ತುವುದಾದರೆ ಮನವಿಯಲ್ಲೇ ಒಂದು ಸಾಲು ಸೇರಿಸಿ: "ಈ ಕುಟುಂಬದ ಅಗತ್ಯ ಮುಗಿದ ಮೇಲೆ ಉಳಿದ ಹಣವನ್ನು ಡಿಮೆನ್ಷಿಯಾ ಇರುವ ಬೇರೆ ಕುಟುಂಬಗಳ ಆರೈಕೆಗೆ ಬಳಸಲಾಗುವುದು." ರೋಗಿ ಮೂರೇ ತಿಂಗಳಲ್ಲಿ ತೀರಿಕೊಂಡರೆ ಉಳಿದ ಹಣ ಯಾರದು ಎಂಬ ಜಗಳ ದುಃಖದ ಮನೆಯಲ್ಲಿ ಏಳಬಾರದು.

ಫೋಟೊ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೆದರಿದ ತಲೆ, ಒದ್ದೆ ಬಟ್ಟೆ, ಬಾಯಿಂದ ಜೊಲ್ಲು, ಇಂಥ ಚಿತ್ರಕ್ಕೆ ಹಣ ಹೆಚ್ಚು ಬರುತ್ತದೆ ಎನ್ನುವವರಿದ್ದಾರೆ. ಬೇಡ. ಆ ಮನುಷ್ಯ ಹತ್ತು ವರ್ಷದ ಹಿಂದೆ ತನ್ನ ಅಂಥ ಚಿತ್ರ ಹಾಕಲು ಒಪ್ಪುತ್ತಿದ್ದರೇ ಎಂದು ಕೇಳಿಕೊಳ್ಳಿ. ಕಾಯಿಲೆಯ ಮೊದಲ ಹಂತದಲ್ಲಿರುವವರಿಗೆ ತಾವೇ ಹೌದು ಅಲ್ಲ ಹೇಳುವಷ್ಟು ತಿಳಿವಳಿಕೆ ಇರುತ್ತದೆ. ಅವರನ್ನೇ ಕೇಳಬೇಕು, ಮಕ್ಕಳನ್ನಷ್ಟೇ ಅಲ್ಲ. ಮರ್ಯಾದೆಯ ಜೊತೆ ಸುರಕ್ಷತೆಯೂ ಇದೆ. ಹೆಸರು, ಮುಖ, ಬೀದಿ, "ಏನು ಕೊಟ್ಟರೂ ಸಹಿ ಹಾಕುತ್ತಾರೆ" ಎಂಬ ವಿವರ, ಇಷ್ಟನ್ನೂ ಒಂದೇ ಮನವಿಯಲ್ಲಿ ಹಾಕಿದರೆ ವಂಚಕರಿಗೆ ಮನೆ ತೋರಿಸಿದಂತೆ. "ಬದುಕಿದ್ದೂ ಸತ್ತಂತೆ" ಎಂದೂ ಬರೆಯಬೇಡಿ. ಆ ಸಾಲನ್ನು ನಿನ್ನೆಯಷ್ಟೇ ತನಗೆ ಡಿಮೆನ್ಷಿಯಾ ಎಂದು ತಿಳಿದುಕೊಂಡ ಒಬ್ಬರು ಓದುತ್ತಿರುತ್ತಾರೆ.

ಮಾತಿನ ತೂಕಕ್ಕೆ ಜಪಾನ್ ಒಳ್ಳೆಯ ಉದಾಹರಣೆ. ಅಲ್ಲಿ 2004ರಲ್ಲಿ ಸರ್ಕಾರ ಈ ಕಾಯಿಲೆಗಿದ್ದ ಹೀನಾರ್ಥದ ಹಳೆಯ ಹೆಸರನ್ನೇ ಬದಲಾಯಿಸಿ "ನಿನ್‌ಚಿಶೋ" ಎಂಬ ಹೊಸ ಪದ ತಂದಿತು. ಮರುವರ್ಷವೇ ಸಾಮಾನ್ಯ ಜನರಿಗೆ, ಅಂಗಡಿಯವರಿಗೆ, ಬ್ಯಾಂಕ್ ಸಿಬ್ಬಂದಿಗೆ ಸುಮಾರು ಒಂದೂವರೆ ಗಂಟೆಯ ತರಬೇತಿ ಕೊಡುವ ಕಾರ್ಯಕ್ರಮ ಶುರುವಾಯಿತು; ಮುಗಿಸಿದವರ ಕೈಗೆ ಕಿತ್ತಳೆ ಬಣ್ಣದ ಬಳೆ ಸಿಗುತ್ತಿತ್ತು. ನಮ್ಮ ಮಾತಿನಲ್ಲೂ "ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ಇದೆ. ಅದನ್ನು ನಂಬಿದ ಮನೆಯವರು ವಯಸ್ಸಾಯಿತು ಎಂದುಕೊಂಡು ವೈದ್ಯರ ಹತ್ತಿರ ಹೋಗುವುದೇ ಇಲ್ಲ, ನೆರವೂ ಕೇಳುವುದಿಲ್ಲ. ಡಿಮೆನ್ಷಿಯಾ ಮಿದುಳಿನ ಕಾಯಿಲೆಗಳಿಂದ ಬರುವುದು. ವಯಸ್ಸಾದ ಎಲ್ಲರಿಗೂ ಬರುವುದಲ್ಲ. ಶೇ. 60ರಿಂದ 70ರಷ್ಟಕ್ಕೆ ಕಾರಣ ಅಲ್ಜೈಮರ್ಸ್. 65ಕ್ಕೆ ಮೊದಲೇ ಬರುವುದೂ ಉಂಟು. ಅಂಥ ಮನೆಯಲ್ಲಿ ದುಡಿಯುವವರದೇ ಕೆಲಸ ಹೋಗಿರುತ್ತದೆ, ಮಕ್ಕಳು ಇನ್ನೂ ಓದುತ್ತಿರುತ್ತಾರೆ. ಅವರಿಗೆ ಬೇಕಾದ ಗಂಟೆಗಳೂ ಬೇರೆ, ಹಣವೂ ಬೇರೆ. ಒಂದೇ ಅಳತೆಯಲ್ಲಿ ಹಂಚಬೇಡಿ.

ಮೊದಲ ಪಾಳಿ

ಹಣ ಇದ್ದು, ಜನ ಇದ್ದು, ಕುಟುಂಬವೇ "ಬೇಡ" ಎನ್ನುವುದು ಬಹಳ. ಅವರು ಕೊಡುವ ಕಾರಣ: ಅಪರಿಚಿತರನ್ನು ಕಂಡರೆ ರೋಗಿ ರೇಗುತ್ತಾರೆ, ಮನೆ ಅಸ್ತವ್ಯಸ್ತವಾಗಿದೆ, ಬಿಟ್ಟುಹೋದರೆ ಜನ ಏನಂದಾರು. ಈ ಬೇಡ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಕರಗಿಸಬೇಕು. ಮೊದಲ ಸಲ ಮನೆಯವರು ಜೊತೆಗೇ ಇರಲಿ. ಎರಡನೇ ಸಲ ಪಕ್ಕದ ಕೋಣೆಯಲ್ಲಿ. ಮೂರನೇ ಸಲ ಒಂದು ಗಂಟೆ ಹೊರಗೆ. ನಾಲ್ಕನೇ ಸಲಕ್ಕೆ ಪೂರ್ತಿ ಮೂರು ಗಂಟೆ. ನಾಲ್ಕೂ ಸಲ ಅದೇ ವ್ಯಕ್ತಿ ಹೋಗಬೇಕು. "ನಿಮ್ಮನ್ನು ನೋಡಿಕೊಳ್ಳಲು ಬಂದಿದ್ದೇನೆ" ಎನ್ನುವ ಬದಲು "ಇವರ ಸ್ನೇಹಿತ, ಮಾತಾಡಿಸಲು ಬಂದೆ" ಎನ್ನಿ. ಪ್ರತಿ ಮನೆಗೂ ಒಂದೇ ಪುಟದ ಪರಿಚಯಪತ್ರ ಇರಲಿ: ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ಮೊದಲು ಕಲಿತ ಭಾಷೆ ಯಾವುದು, ಏನು ಕೆಲಸ ಮಾಡುತ್ತಿದ್ದರು, ಕನ್ನಡಕ, ಶ್ರವಣಯಂತ್ರ ಎಲ್ಲಿರುತ್ತವೆ, ನುಂಗಲು ತೊಂದರೆ ಇದೆಯೇ, ಯಾವುದಕ್ಕೆ ಹೆದರುತ್ತಾರೆ, ಯಾವುದರಿಂದ ಸಮಾಧಾನ. ಭಾಷೆಯ ಸಾಲು ಮುಖ್ಯ. ಎರಡು ಮೂರು ಭಾಷೆ ಬಲ್ಲವರು ಕಾಯಿಲೆ ಬೆಳೆದಂತೆ ಮೊದಲು ಕಲಿತದ್ದಕ್ಕೇ ಮರಳುವುದುಂಟು. ಆ ಭಾಷೆ ಬಲ್ಲ ಸ್ವಯಂಸೇವಕರನ್ನೇ ಕಳಿಸಿ.

ಸಂಜೆಯ ಪಾಳಿ ಕಷ್ಟದ್ದು. ಹೊತ್ತಿಳಿಯುತ್ತಿದ್ದಂತೆ ಹಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವರು ಎದ್ದು, ಕೈಗೆ ಸಿಕ್ಕ ಚೀಲ ಹಿಡಿದು ಬಾಗಿಲ ಚಿಲಕ ಅಲ್ಲಾಡಿಸುತ್ತಾರೆ. "ಮನೆಗೆ ಹೋಗ್ಬೇಕು. ಅಮ್ಮ ಕಾಯ್ತಿರ್ತಾಳೆ." ಹೊಸಬರು ತಟ್ಟನೆ ಹೇಳುವುದು: "ಇದೇ ನಿಮ್ಮನೆ ಅಲ್ವಾ? ನಿಮ್ಮಮ್ಮ ಹೋಗಿ ಮೂವತ್ತು ವರ್ಷ ಆಯ್ತಲ್ಲ." ಆ ಸಾವಿನ ಸುದ್ದಿ ಅವರಿಗೆ ಆ ಗಳಿಗೆಯಲ್ಲಿ ಹೊಸದು. ಅಳು ಬರುತ್ತದೆ, ಇಲ್ಲವೇ ಸಿಟ್ಟು. ಬದಲಿಗೆ ಅವರ ಪಕ್ಕದಲ್ಲಿ ನಿಂತು, ಚಿಲಕದಿಂದ ಕೈ ಬಿಡಿಸದೆ, "ಅಮ್ಮ ಅಂದ್ರೆ ತುಂಬ ಪ್ರೀತಿ ಅಲ್ವಾ? ಅವರು ಹೇಗಿದ್ರು ಹೇಳಿ" ಎನ್ನಿ. ನಾಲ್ಕು ಹೆಜ್ಜೆ ಜೊತೆಗೆ ನಡೆಯಿರಿ. ನಡೆಯುತ್ತಲೇ ನೋಡಿ: ಶೌಚಕ್ಕೆ ಹೋಗಬೇಕೇ, ಬಾಯಾರಿದೆಯೇ, ಎಲ್ಲಾದರೂ ನೋವಿದೆಯೇ. ಮನೆಗೆ ಹೋಗಬೇಕು ಎಂಬ ಮಾತಿನ ಹಿಂದೆ ಇವುಗಳಲ್ಲೊಂದು ಇರುವುದು ಹೆಚ್ಚು. ಕತ್ತಲಾಗುವ ಮೊದಲೇ ದೀಪ ಹಾಕಿ ಪರದೆ ಎಳೆದುಬಿಡಿ. ಕಪ್ಪಾದ ಕಿಟಕಿ ಗಾಜಿನಲ್ಲಿ ತಮ್ಮದೇ ಬಿಂಬ ಕಂಡು, ಯಾರೋ ಹೊರಗೆ ನಿಂತಿದ್ದಾರೆ ಎಂದು ಬೆಚ್ಚುವವರಿದ್ದಾರೆ.

ಸ್ವಯಂಸೇವಕರು ಮಾಡಬಾರದ್ದು ನಾಲ್ಕೇ: ರೋಗಿಯ ಹಣ ಮುಟ್ಟುವುದು, ಕಾಗದಕ್ಕೆ ಸಹಿ ಹಾಕಿಸುವುದು ಅಥವಾ ಸಾಕ್ಷಿಯಾಗುವುದು, ಹೇಳದ ಔಷಧಿ ಕೊಡುವುದು, ರೋಗಿಯನ್ನು ಒಬ್ಬರೇ ಎತ್ತುವುದು. ಮಾಡಲೇಬೇಕಾದ್ದು ಒಂದು: ಬದಲಾವಣೆ ಕಂಡರೆ ಹೇಳುವುದು. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಹೆಚ್ಚುತ್ತದೆ. ಮೊನ್ನೆ ಮಾತಾಡುತ್ತಿದ್ದವರು ಇವತ್ತು ಮಂಕಾಗಿದ್ದರೆ, ಇಲ್ಲದ್ದು ಕಾಣುತ್ತಿದ್ದರೆ, ಕಾಯಿಲೆ ಜಾಸ್ತಿಯಾಯಿತು ಎಂದುಕೊಂಡು ಬಿಡಬೇಡಿ. ಮೂತ್ರದ ಸೋಂಕು, ನಿರ್ಜಲೀಕರಣ, ಮಲಬದ್ಧತೆ, ಹೊಸ ಮಾತ್ರೆ ಇವುಗಳಿಂದ ಹೀಗಾಗುತ್ತದೆ. ಅವತ್ತೇ ವೈದ್ಯರಿಗೆ ತೋರಿಸಬೇಕು. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇರುವವರಾದರೆ ಆ ಹೆಸರನ್ನು ಪರಿಚಯಪತ್ರದ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದಿಡಿ. ಭ್ರಮೆಗೆ, ರೇಗಾಟಕ್ಕೆ ಕೊಡುವ ಕೆಲವು ಮಾನಸಿಕ ಔಷಧಿಗಳು ಅವರಿಗೆ ತೀವ್ರ ಅಪಾಯ ಮಾಡಬಲ್ಲವು, ತುರ್ತು ವಿಭಾಗದ ವೈದ್ಯರಿಗೆ ಅದು ಕೂಡಲೇ ಕಾಣಬೇಕು.

ತಿಂಗಳ ಸಭೆ

ನೋಡಿಕೊಳ್ಳುವವರ ಸಭೆಗೆ ಎಂಟರಿಂದ ಹನ್ನೆರಡು ಜನ, ಒಂದೂವರೆ ಗಂಟೆ, ಪ್ರತಿ ತಿಂಗಳು ಅದೇ ದಿನ, ಅದೇ ಜಾಗ. ಯಾರೂ ಬರುತ್ತಿಲ್ಲ ಎಂದು ಬೇಸರಿಸುವ ಗುಂಪುಗಳು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಆ ಒಂದೂವರೆ ಗಂಟೆ ಮನೆಯಲ್ಲಿ ಯಾರಿರುತ್ತಾರೆ? ಪಕ್ಕದ ಕೋಣೆಯಲ್ಲಿ ಮೂವರು ಸ್ವಯಂಸೇವಕರನ್ನು ಕೂರಿಸಿ, ರೋಗಿಗಳನ್ನೂ ಕರೆತನ್ನಿ ಎಂದರೆ ಸಭೆ ತುಂಬುತ್ತದೆ. ಇಬ್ಬರನ್ನೂ ಒಟ್ಟಿಗೇ ಕೂರಿಸುವ ಮಾದರಿಯೂ ಇದೆ. ನೆದರ್‌ಲ್ಯಾಂಡ್ಸ್‌ನ ಮನಶ್ಶಾಸ್ತ್ರಜ್ಞ ಬೆರೆ ಮೀಸೆನ್ 1997ರಲ್ಲಿ ಆರಂಭಿಸಿದ ಅಲ್ಜೈಮರ್ ಕೆಫೆಯಲ್ಲಿ ರೋಗಿ, ಮನೆಯವರು, ತಜ್ಞರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಸಣ್ಣ ಮಾತು, ಬಿಡುವು, ಚರ್ಚೆ, ಹರಟೆ. ಕಾಯಿಲೆಯ ಮೊದಲ ಹಂತದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಪ್ರತಿ ತಿಂಗಳೂ ವೈದ್ಯರ ಭಾಷಣ ಇಡಬೇಡಿ, ಮೂರು ತಿಂಗಳಿಗೊಮ್ಮೆ ಸಾಕು. ಒಂದು ಸಭೆ ಮಾತ್ರ ಬೇಗ ಆಗಲಿ: ಉಯಿಲು, ಬ್ಯಾಂಕ್ ಖಾತೆ, ಮುಂದೆ ಯಾರು ನಿರ್ಧಾರ ತೆಗೆದುಕೊಳ್ಳಬೇಕು ಎಂಬುದರ ಕಾಗದಪತ್ರ. ರೋಗಿಗೆ ಅರ್ಥವಾಗುವ ಕಾಲದಲ್ಲೇ ಇವು ಆಗಬೇಕು, ಆಮೇಲೆ ನ್ಯಾಯಾಲಯದ ದಾರಿ ಹಿಡಿಯಬೇಕಾದೀತು.

ಒಂದು ಮನೆಯ ರೋಗಿ ತೀರಿಕೊಂಡ ಮರುದಿನವೇ ಆ ಪಾಳಿಯನ್ನು ಬೇರೆ ಮನೆಗೆ ಕೊಟ್ಟುಬಿಡುವುದು ಲೆಕ್ಕಕ್ಕೆ ಸರಿ, ಮನುಷ್ಯರಿಗೆ ಸರಿಯಲ್ಲ. ಮುಂದಿನ ಎಂಟು ವಾರ ವಾರಕ್ಕೊಂದು ಗಂಟೆ ಅದೇ ಸ್ವಯಂಸೇವಕರು ಹೋಗಿ ಬರಲಿ. ವರ್ಷಗಟ್ಟಲೆ ದಿನದ ಪ್ರತಿ ಗಳಿಗೆಯೂ ಒಬ್ಬರ ಸುತ್ತ ಸುತ್ತಿದವರಿಗೆ ಆ ಮನೆಯ ಮೌನ ತಡೆಯಲಾಗದ್ದು. ಪರಿಚಯಪತ್ರವನ್ನು, ಮನೆಯ ಬೀಗದ ಕೈಯನ್ನು ಅವರಿಗೇ ಹಿಂದಿರುಗಿಸಿ. ಮುಂದೆ ಅವರೇ "ನಾನೂ ಪಾಳಿಗೆ ಬರ್ತೀನಿ" ಎನ್ನುವುದುಂಟು. ಅವರಿಗಿಂತ ಕೆಲಸ ಬಲ್ಲವರು ಸಿಗಲಾರರು. ಆದರೂ ಬೇರೊಬ್ಬರ ಹಾಸಿಗೆಯ ಪಕ್ಕ ಕೂರಿಸಲು ಒಂದು ವರ್ಷವಾದರೂ ಕಾಯಿರಿ. ಅಲ್ಲಿಯವರೆಗೆ ದಾನಿಗಳಿಗೆ ತಿಂಗಳ ಚೀಟಿ ಬರೆಯುವ ಕೆಲಸ ಕೊಡಿ.